ಕಕ್ಕಸುಗುಂಡಿಯಿಂದ ಒತ್ತುಗುಂಡಿಯವರೆಗೆ

ಬೇರೆ ದೇಶಕ್ಕೆ ಉದ್ಯೋಗಕ್ಕೆಂದು ಹೋದವರು ಅಲ್ಲಿನ ಭಾಷೆಯನ್ನು ನಿಧಾನವಾಗಿ ಕಲಿಯಬಹುದು. ಅಲ್ಲಿನ ಅಡುಗೆ ನಾಲಿಗೆಗೆ ಹಿಡಿಸದಿದ್ದರೆ ಒಂದಿಷ್ಟು ಅನ್ನ ಬೇಯಿಸಿಕೊಂಡು, ಊರಿನಿಂದ ತಂದ ಉಪ್ಪಿನಕಾಯಿ ನಂಚಿಕೊಂಡು ತಿಂಗಳುಗಟ್ಟಲೆ ದೂಡಬಹುದು. ಆದರೆ ತಲುಪಿದ ಮರುದಿನ ಬೆಳಿಗ್ಗೆಯೇ ಎದುರಾಗುವ, ನಾಳೆಗೆಂದು ಮುಂದೂಡಲಾಗದ ಪಾಠವೊಂದಿದೆ. ಅದು ಶೌಚಾಲಯದ ಪಾಠ. ಕುಕ್ಕರುಗಾಲಿನಲ್ಲಿ ಕೂತು ಅಭ್ಯಾಸವಾದವರಿಗೆ ಕುರ್ಚಿಯಂಥ ಕಮೋಡು, ಕಮೋಡಿಗೆ ಒಗ್ಗಿದವರಿಗೆ ನೆಲಮಟ್ಟದ ಕುಳಿ, ನೀರು ಬಳಸುವವರಿಗೆ ಕಾಗದದ ಸುರುಳಿ, ಕಾಗದದವರಿಗೆ ಚೊಂಬು. ಒಬ್ಬರಿಗೆ ಸಹಜವಾದದ್ದು ಇನ್ನೊಬ್ಬರಿಗೆ ಅಸಹ್ಯವಾಗಿ ಕಾಣುತ್ತದೆ. ಪ್ರವಾಸ ಕಥನಗಳು ಈ ಪ್ರಸಂಗವನ್ನು ಸಾಮಾನ್ಯವಾಗಿ ನಾಚಿಕೆಯಿಂದ ಬಿಟ್ಟುಬಿಡುತ್ತವೆ. ಇಲ್ಲವೇ ನಗೆಯಾಡಿ ಮುಗಿಸುತ್ತವೆ. ಆದರೂ ಒಂದು ದೇಶ ಮುಂದುವರಿದದ್ದೋ ಹಿಂದುಳಿದದ್ದೋ ಎಂದು ಹೊರಗಿನವರು ಮನಸ್ಸಿನೊಳಗೇ ತೀರ್ಪು ಕೊಡುವುದು ಬಹುಮಟ್ಟಿಗೆ ಈ ಚಿಕ್ಕ ಕೋಣೆಯಲ್ಲೇ.

ಆ ತೀರ್ಪು ಎಷ್ಟು ಬೇಗ ತಲೆಕೆಳಗಾಗಬಲ್ಲದು ಎಂಬುದಕ್ಕೆ ಜಪಾನಿನ ಒಂದೂವರೆ ಶತಮಾನದ ಚರಿತ್ರೆ ಒಳ್ಳೆಯ ನಿದರ್ಶನ. 1870ರ ದಶಕದಲ್ಲಿ ಅಲ್ಲಿಗೆ ಪಾಠ ಹೇಳಲು ಹೋದ ಅಮೆರಿಕದ ಪ್ರಾಧ್ಯಾಪಕರೊಬ್ಬರು ಜಪಾನಿನ ಕಕ್ಕಸಿನ ವ್ಯವಸ್ಥೆಯನ್ನು ಮೆಚ್ಚಿ ಬರೆದರು. 1945ರಲ್ಲಿ ಬಂದಿಳಿದ ಅಮೆರಿಕದ ಸೈನಿಕರು ಅದೇ ವ್ಯವಸ್ಥೆಗೆ ಮೂಗು ಮುಚ್ಚಿಕೊಂಡರು. ಇಂದು ಅಲ್ಲಿಗೆ ಹೋಗುವ ಅಮೆರಿಕನ್ನರು ಸಾಲಾಗಿ ಬಟನ್ನುಗಳಿರುವ ಕಮೋಡಿನ ಮುಂದೆ ನಿಂತು ಯಾವುದನ್ನು ಒತ್ತಬೇಕೆಂದು ತಿಳಿಯದೆ ಬೆರಗಾಗುತ್ತಾರೆ. ದೇಶ ಅದೇ, ನೋಡುವವರೂ ಅದೇ ನಾಡಿನವರು, ಬದಲಾದದ್ದು ಅಳತೆಗೋಲು.

ಬಾಡಿಗೆ ತೀರಿಸುತ್ತಿದ್ದ ಗೊಬ್ಬರ

ಆ ಪ್ರಾಧ್ಯಾಪಕರ ಹೆಸರು ಎಡ್ವರ್ಡ್ ಸಿಲ್ವೆಸ್ಟರ್ ಮೋರ್ಸ್. ಕಡಲ ಜೀವಿಗಳ ಅಧ್ಯಯನಕ್ಕೆಂದು 1877ರಲ್ಲಿ ಜಪಾನಿಗೆ ಹೋದ ಅವರು ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಕಲಿಸಲು ನೇಮಕಗೊಂಡರು. ರೈಲಿನ ಕಿಟಕಿಯಿಂದ ಓಮೋರಿಯ ಪ್ರಾಚೀನ ಚಿಪ್ಪಿನ ದಿಬ್ಬವನ್ನು ಗುರುತಿಸಿ ಜಪಾನಿನ ಪುರಾತತ್ತ್ವಶಾಸ್ತ್ರಕ್ಕೆ ತಳಹದಿ ಹಾಕಿದವರೆಂದು ಅವರು ಹೆಸರಾಗಿದ್ದಾರೆ. ಜಪಾನಿನ ಮನೆಗಳ ಬಗ್ಗೆ 1880ರ ದಶಕದಲ್ಲಿ ಅವರು ಪ್ರಕಟಿಸಿದ ಪುಸ್ತಕದಲ್ಲಿ ಅಡುಗೆಮನೆ, ಜಗಲಿ, ಬಾಗಿಲುಗಳ ಜೊತೆಗೆ ಕಕ್ಕಸುಗಳ ರೇಖಾಚಿತ್ರಗಳೂ ಇವೆ. 1893ರಲ್ಲಿ ಪೂರ್ವದೇಶಗಳ ಕಕ್ಕಸುಗಳ ಮೇಲೆಯೇ ಒಂದು ಪ್ರತ್ಯೇಕ ಲೇಖನ ಬರೆದರು. ಆ ಕಾಲದ ಗಣ್ಯ ವಿದ್ವಾಂಸರೊಬ್ಬರಿಗೆ ಇದು ಸಣ್ಣ ಧೈರ್ಯವಲ್ಲ.

ಮೋರ್ಸ್ ಅವರ ಗಮನ ಸೆಳೆದದ್ದು ಕಕ್ಕಸಿನ ಮರಗೆಲಸದ ನಯ ಮಾತ್ರವಲ್ಲ. ಅದರ ಕೆಳಗಿನದು ಎಲ್ಲಿಗೆ ಹೋಗುತ್ತದೆ ಎಂಬ ಸಂಗತಿ. ಜಪಾನಿನ ಪಟ್ಟಣಗಳಲ್ಲಿ ಮಲ ಕಸವಾಗಿರಲಿಲ್ಲ, ಸರಕಾಗಿತ್ತು. ರೈತರು ಹಳ್ಳಿಯಿಂದ ಬಂದು ಮನೆಮನೆಯ ಕುಳಿಯಿಂದ ಅದನ್ನು ಮರದ ಪೀಪಾಯಿಗಳಿಗೆ ತುಂಬಿಕೊಂಡು, ಹೆಗಲ ಮೇಲೆ, ಕುದುರೆಯ ಮೇಲೆ, ಕಾಲುವೆಯ ದೋಣಿಗಳಲ್ಲಿ ಹೊಲಕ್ಕೆ ಸಾಗಿಸುತ್ತಿದ್ದರು. ಅದಕ್ಕೆ ಹಣ ಕೊಡುತ್ತಿದ್ದರು. ಹಣವಿಲ್ಲದಿದ್ದರೆ ಮೂಲಂಗಿ, ಬದನೆಕಾಯಿಗಳನ್ನಾದರೂ ಕೊಡುತ್ತಿದ್ದರು. ಟೋಕಿಯೋ ನಗರಕ್ಕೆ ಎದೋ ಎಂಬ ಹೆಸರಿದ್ದ 18ನೆಯ ಶತಮಾನದಲ್ಲಿ ಅಲ್ಲಿನ ಜನಸಂಖ್ಯೆ ಸುಮಾರು 10 ಲಕ್ಷ. ಅಷ್ಟು ಜನರ ಮಲವೆಲ್ಲ ಸುತ್ತಲಿನ ಹೊಲಗಳಿಗೆ ಹೋಗಿ, ತರಕಾರಿಯಾಗಿ ಮರಳಿ ನಗರಕ್ಕೇ ಬರುತ್ತಿತ್ತು. ಚೆನ್ನಾಗಿ ಉಂಡವರ ಮನೆಯ ಗೊಬ್ಬರಕ್ಕೆ ಹೆಚ್ಚು ಸತ್ವವೆಂಬ ನಂಬಿಕೆಯಿದ್ದುದರಿಂದ ಶ್ರೀಮಂತ ಸರದಾರರ ಬಂಗಲೆಗಳ ಮಾಲಿಗೆ ಮೇಲ್ದರ್ಜೆಯ ಬೆಲೆ. ಓಸಾಕಾ ನಗರದಲ್ಲಂತೂ ಬಾಡಿಗೆಮನೆಗಳ ಮಲದ ಹಕ್ಕು ಮಾಲೀಕನಿಗೆ, ಮೂತ್ರದ ಹಕ್ಕು ಬಾಡಿಗೆದಾರನಿಗೆ ಎಂಬ ಹಂಚಿಕೆಯೇ ಇತ್ತು. ಹಿರೋಶಿಮಾದ ಬಡ ವಠಾರಗಳಲ್ಲಿ ಒಂದು ಕೋಣೆಯಲ್ಲಿ ಮೂವರಿದ್ದರೆ ಒಬ್ಬನ ಬಾಡಿಗೆ ಗೊಬ್ಬರದಿಂದಲೇ ತೀರುತ್ತಿತ್ತು, ಐವರಿದ್ದರೆ ಬಾಡಿಗೆಯನ್ನೇ ಕೇಳುತ್ತಿರಲಿಲ್ಲ ಎಂದು ಮೋರ್ಸ್ ದಾಖಲಿಸಿದ್ದಾರೆ.

ಇದೇ ಕಾಲದ ಯೂರೋಪಿನ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಬೇಕು. ಲಂಡನ್ನಿನಲ್ಲಿ ನೀರು ಬಿಟ್ಟು ತೊಳೆಯುವ ಕಮೋಡುಗಳು ಶ್ರೀಮಂತರ ಮನೆಗಳಿಗೆ ಬಂದವು. ತೊಳೆದದ್ದೆಲ್ಲ ನೇರವಾಗಿ ಥೇಮ್ಸ್ ನದಿ ಸೇರಿತು. ಅದೇ ನದಿಯಿಂದ ಕುಡಿಯುವ ನೀರನ್ನೂ ಎತ್ತುತ್ತಿದ್ದರು. ಕಾಲರಾ ಮತ್ತೆ ಮತ್ತೆ ಮರುಕಳಿಸಿತು. 1858ರ ಬೇಸಿಗೆಯಲ್ಲಿ ನದಿಯ ದುರ್ವಾಸನೆ ಪಾರ್ಲಿಮೆಂಟನ್ನೇ ತಟ್ಟಿದ ಮೇಲೆ ಜೋಸೆಫ್ ಬ್ಯಾಜಲ್‌ಗೆಟ್ ಎಂಬ ಎಂಜಿನಿಯರ್ ನಗರದ ದೊಡ್ಡ ಒಳಚರಂಡಿಗಳನ್ನು ಕಟ್ಟುವಂತಾಯಿತು. ಮಲವನ್ನು ಕಣ್ಣಿಗೆ ಮರೆಯಾಗಿಸಿದ ದೇಶ ನದಿಯನ್ನು ಕೆಡಿಸಿಕೊಂಡಿತ್ತು. ಕಣ್ಣೆದುರೇ ಹೊತ್ತೊಯ್ಯುತ್ತಿದ್ದ ದೇಶದ ನದಿ ಅಷ್ಟರಮಟ್ಟಿಗೆ ತಿಳಿಯಾಗಿತ್ತು. ಮೋರ್ಸ್ ಮೆಚ್ಚಿದ್ದು ಇದನ್ನು.

ಹೆಸರುಗಳ ಮರೆ

ಹಾಗೆಂದು ಜಪಾನೀಯರು ಈ ವಿಷಯದಲ್ಲಿ ಸಂಕೋಚವಿಲ್ಲದವರೆಂದು ತಿಳಿಯಬಾರದು. ಶೌಚಾಲಯಕ್ಕೆ ಅವರಲ್ಲಿರುವ ಹೆಸರುಗಳೇ ಅವರ ಸಂಕೋಚವನ್ನು ಹೇಳುತ್ತವೆ. ‘ಕವಾಯಾ’ ಎಂಬ ಹಳೆಯ ಮಾತಿಗೆ ನದಿಯ ಮೇಲಿನ ಗುಡಿಸಲು ಎಂಬ ಅರ್ಥ ಹೇಳುವುದುಂಟು. ‘ಗೊಫುಜೋ’ ಎಂದರೆ ಮಡಿಯಿಲ್ಲದ ಜಾಗ. ಇಂದು ಎಲ್ಲೆಡೆ ಕೇಳಿಬರುವ ‘ಓತೆಅರಾಯ್’ ಎಂದರೆ ಕೈ ತೊಳೆಯುವ ಜಾಗ, ಅಷ್ಟೆ. ನಮ್ಮ ‘ಬಯಲಕಡೆ’, ‘ಹೊರಕಡೆ’ಗಳ ಸಂಕೋಚವೂ ಇದೇ ಜಾತಿಯದು. ಇನ್ನು ‘ಕಕ್ಕಸು’ ಎಂಬ ಮಾತು ತಮಿಳಿನ ‘ಕಕ್ಕೂಸು’, ಇಂಡೊನೇಷ್ಯದ ‘ಕಾಕುಸ್’ಗಳ ಬಂಧು. ಇವುಗಳ ಮೂಲ ಡಚ್ ವ್ಯಾಪಾರಿಗಳ ಭಾಷೆಯಲ್ಲಿದೆ ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ನಾಚಿಕೆಯ ವಸ್ತುವಿಗೆ ಪರಭಾಷೆಯ ಪದ ಬಂದರೆ ನಾಚಿಕೆ ಅರ್ಧ ಕಡಿಮೆಯಾಗುತ್ತದೆ.

ಜಪಾನಿನ ಸಾಂಪ್ರದಾಯಿಕ ಶೌಚಾಲಯ ಕುಕ್ಕರುಗಾಲಿನದು, ನಮ್ಮ ಹಾಗೆಯೇ. ಆದರೆ ಒಂದು ವ್ಯತ್ಯಾಸವಿದೆ. ಉದ್ದನೆಯ ಕುಳಿಯ ಒಂದು ತುದಿಯಲ್ಲಿ ಕಮಾನಿನಂತೆ ಬಾಗಿದ ಮರೆಯಿರುತ್ತದೆ. ಕೂರುವವರು ಆ ಮರೆಯ ಕಡೆಗೆ, ಎಂದರೆ ಸಾಮಾನ್ಯವಾಗಿ ಗೋಡೆಯ ಕಡೆಗೆ, ಮುಖ ಮಾಡಬೇಕು. ಇದನ್ನರಿಯದ ವಿದೇಶೀಯರು ಬಾಗಿಲಿನ ಕಡೆಗೆ ತಿರುಗಿ ಕೂರುವುದೂ, ಆ ಮರೆಯ ಮೇಲೆಯೇ ಕೂರಲು ಹೋಗುವುದೂ ಹಳೆಯ ಕಥೆ. ಶೌಚಾಲಯಕ್ಕೆಂದೇ ಬೇರೆ ಚಪ್ಪಲಿ ಬಾಗಿಲಲ್ಲಿರುತ್ತದೆ. ಅದನ್ನು ಮೆಟ್ಟಿ ಒಳಗೆ ಹೋಗಬೇಕು, ಬರುವಾಗ ಅಲ್ಲೇ ಬಿಡಬೇಕು. ಮರೆತು ಅದರಲ್ಲೇ ಚಾಪೆ ಹಾಸಿದ ಕೋಣೆಗೆ ನಡೆದು ಬಂದ ಅತಿಥಿಯನ್ನು ಕಂಡು ಮನೆಯವರ ಮುಖ ಹೇಗಾಗುತ್ತದೆಂಬುದನ್ನು ಮಡಿ-ಮೈಲಿಗೆ ಬಲ್ಲ ನಮ್ಮ ಅಜ್ಜಿಯರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಕಾಲರಾ ತಂದ ಕೊಳವೆ

19ನೆಯ ಶತಮಾನದ ಮಧ್ಯದಲ್ಲಿ ಜಪಾನಿನ ಬಂದರುಗಳು ಹೊರಗಿನವರಿಗೆ ತೆರೆದವು. ವ್ಯಾಪಾರದ ಜೊತೆಗೆ ಕಾಲರಾ ಕೂಡ ಹಡಗು ಇಳಿಯಿತು. 1879ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ, 1886ರಲ್ಲಿ ಮತ್ತೆ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು. 1871ರಲ್ಲಿ ಹೊರಟ ಇವಾಕುರಾ ನಿಯೋಗದ ಜೊತೆ ಪಶ್ಚಿಮ ದೇಶಗಳನ್ನು ಸುತ್ತಿ ಬಂದಿದ್ದ ವೈದ್ಯ ನಾಗಾಯೊ ಸೆನ್‌ಸಾಯ್ ಜನಾರೋಗ್ಯ ಕಾಪಾಡುವುದು ಸರಕಾರದ ಕರ್ತವ್ಯವೆಂಬ ಹೊಸ ವಿಚಾರವನ್ನು ತಂದು, ಅದಕ್ಕೆ ಚೀನೀ ಪ್ರಾಚೀನ ಗ್ರಂಥವೊಂದರಿಂದ ‘ಎಯ್‌ಸೆಯ್’ ಎಂಬ ಪದವನ್ನು ಆರಿಸಿಕೊಟ್ಟರು. ಟೋಕಿಯೋದ ಕಾಂದಾ ಪ್ರದೇಶದಲ್ಲಿ 1884ರಲ್ಲಿ ಇಟ್ಟಿಗೆಯ ಒಳಚರಂಡಿಯ ಕೆಲಸ ಆರಂಭವಾಯಿತು.

1887ರಲ್ಲಿ ಎಡಿನ್‌ಬರೋದ ವಿಲಿಯಂ ಬರ್ಟನ್ ಎಂಬ ಎಂಜಿನಿಯರ್ ಟೋಕಿಯೋಗೆ ಬಂದು, ಸಾಮ್ರಾಜ್ಯ ವಿಶ್ವವಿದ್ಯಾಲಯದಲ್ಲಿ ನೈರ್ಮಲ್ಯ ಎಂಜಿನಿಯರಿಂಗ್ ಕಲಿಸತೊಡಗಿದರು. ಹಲವು ನಗರಗಳ ನೀರು ಸರಬರಾಜಿಗೆ ಸಲಹೆ ಕೊಟ್ಟರು. ಮುಂದೆ ತೈವಾನಿಗೆ ಹೋಗಿ ಅಲ್ಲಿನ ನೀರು, ಚರಂಡಿಗಳ ಕೆಲಸ ಹಿಡಿದ ಅವರು 1899ರಲ್ಲಿ ಟೋಕಿಯೋದಲ್ಲೇ ತೀರಿಕೊಂಡರು. ಆದರೆ ಟೋಕಿಯೋದಲ್ಲಿ ಹಣದ ಕೊರತೆಯಿಂದ ಕುಡಿಯುವ ನೀರಿಗೆ ಮೊದಲ ಪಂಕ್ತಿ ಸಿಕ್ಕಿ, ಒಳಚರಂಡಿ ಹಿಂದೆ ಬಿತ್ತು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ರೈತ ದುಡ್ಡು ಕೊಟ್ಟು ಒಯ್ಯುವ ವಸ್ತುವನ್ನು ದುಡ್ಡು ಖರ್ಚು ಮಾಡಿ ನೀರಿಗೆ ಬಿಡಬೇಕೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಇತ್ತು. ನಗರದ ಮೊದಲ ಮಲಿನಜಲ ಶುದ್ಧೀಕರಣ ಸ್ಥಾವರ ಮಿಕಾವಾಶಿಮಾದಲ್ಲಿ ಆರಂಭವಾದದ್ದು 1922ರಲ್ಲಿ.

ಅಷ್ಟರಲ್ಲಿ ಹಳೆಯ ವ್ಯವಸ್ಥೆಯ ಲೆಕ್ಕಾಚಾರ ತಿರುಗಿಬಿದ್ದಿತ್ತು. ನಗರ ಬೆಳೆದು ಹೊಲಗಳು ದೂರ ಸರಿದವು, ಕೂಲಿ ಏರಿತು, ಅಂಗಡಿಯ ಗೊಬ್ಬರ ಬಂತು. 1910ರ ದಶಕದ ಕೊನೆಯ ವೇಳೆಗೆ ರೈತ ಹಣ ಕೊಡುವುದು ನಿಂತು, ನಗರದವರೇ ಹಣ ಕೊಟ್ಟು ಕುಳಿ ಖಾಲಿ ಮಾಡಿಸುವ ಕಾಲ ಬಂದಿತ್ತು. ಯುದ್ಧದ ದಿನಗಳಲ್ಲಿ ಲಾರಿ, ಪೆಟ್ರೋಲು ಸಿಗದೆ ಹೋದಾಗ 1944ರಿಂದ ಕೆಲವು ವರ್ಷ ಟೋಕಿಯೋದ ಮಲವನ್ನು ರಾತ್ರಿಯ ರೈಲುಗಳಲ್ಲಿ ಹಳ್ಳಿಗಳಿಗೆ ಸಾಗಿಸಿದರು. ಜನ ಅದನ್ನು ‘ಚಿನ್ನದ ರೈಲು’ ಎಂದು ಕರೆದರು.

ಸೈನಿಕರ ಸೊಪ್ಪು

1945ರಲ್ಲಿ ಜಪಾನ್ ಶರಣಾಯಿತು. ಲಕ್ಷಾಂತರ ಅಮೆರಿಕನ್ ಸೈನಿಕರು, ಅವರ ಹಿಂದೆಯೇ ಅವರ ಕುಟುಂಬಗಳು ಬಂದಿಳಿದವು. ಮೋರ್ಸ್ ಮೆಚ್ಚಿದ್ದ ಪೀಪಾಯಿಗಳು ಅವರಿಗೆ ಕಂಡದ್ದೇ ಬೇರೆ. ಮೂಗಿನ ಮಾತನ್ನು ಬಿಟ್ಟರೂ ಅವರ ಅಂಜಿಕೆ ಆಧಾರವಿಲ್ಲದ್ದಲ್ಲ. ಹಸಿ ಮಲವನ್ನು ಸರಿಯಾಗಿ ಕೊಳೆಯಿಸದೆ ಸೊಪ್ಪು ತರಕಾರಿಗೆ ಹಾಕಿದರೆ ಜಂತುಹುಳದ ಮೊಟ್ಟೆಗಳೂ ಊಟದ ತಟ್ಟೆಗೆ ಬರುತ್ತವೆ. ಯುದ್ಧ ಮುಗಿದ ವರ್ಷಗಳಲ್ಲಿ ಜಪಾನಿನ ಅರ್ಧಕ್ಕಿಂತ ಹೆಚ್ಚು ಜನರ ಹೊಟ್ಟೆಯಲ್ಲಿ ಜಂತುಹುಳವಿತ್ತು. ರೋಗಾಣುಗಳ ಲೆಕ್ಕ ಇನ್ನೂ ಸ್ಪಷ್ಟವಾಗಿರದ ಕಾಲದ ಮೋರ್ಸ್ ಕಾಣದ ಮುಖ ಇದು.

ಅಮೆರಿಕನ್ ಸೇನೆ ಸ್ಥಳೀಯ ಹಸಿ ತರಕಾರಿಯನ್ನು ತನ್ನವರಿಗೆ ನಿಷೇಧಿಸಿತು. ಟೋಕಿಯೋ ಬಳಿಯ ಚೋಫು ಮತ್ತು ಕ್ಯೋಟೋ ಬಳಿಯ ಓತ್ಸು ಎಂಬಲ್ಲಿ ಮಣ್ಣೇ ಇಲ್ಲದೆ, ಪೋಷಕಾಂಶ ಬೆರೆಸಿದ ನೀರಿನಲ್ಲಿ ಸೊಪ್ಪು, ಟೊಮೆಟೊ ಬೆಳೆಯುವ ದೊಡ್ಡ ತೋಟಗಳನ್ನೇ ಕಟ್ಟಿತು. ಮಲಗೊಬ್ಬರವಿಲ್ಲದೆ ಬೆಳೆದದ್ದಕ್ಕೆ ಜಪಾನಿನ ಮಾರುಕಟ್ಟೆಯಲ್ಲಿ ‘ಶುದ್ಧ ತರಕಾರಿ’ ಎಂಬ ಹೆಸರು ಬಂತು. ಶತಮಾನಗಳಿಂದ ಬೆಲೆಬಾಳುತ್ತಿದ್ದ ವಸ್ತು ಹೀಗೆ ಕೆಲವೇ ವರ್ಷಗಳಲ್ಲಿ ನಾಚಿಕೆಯ ಗುರುತಾಯಿತು. 1951ರಲ್ಲಿ ಕಾವಾಸಾಕಿ ನಗರಸಭೆ ಕುಳಿಯಿಂದ ಮಲವನ್ನು ಹೀರಿಕೊಳ್ಳುವ ಲಾರಿಯನ್ನು ರೂಪಿಸಿತು. ಪೀಪಾಯಿ, ಸೌಟುಗಳ ಕೆಲಸವನ್ನು ಕೊಳವೆ ವಹಿಸಿಕೊಂಡಿತು. ಕೈಯಿಂದ ಮಲ ಎತ್ತುವ ಕೆಲಸದ ಅಂತ್ಯ ಆರಂಭವಾದದ್ದು ಹೊಳೆಯುವ ಕಮೋಡಿನಿಂದಲ್ಲ, ಈ ಲಾರಿಯಿಂದ.

ಕೂರಲು ಕಲಿಸಿದ ಚೀಟಿ

ಪಿಂಗಾಣಿಯ ಕಮೋಡನ್ನು ಜಪಾನಿನಲ್ಲೇ ತಯಾರಿಸುವ ಪ್ರಯತ್ನ ಇದಕ್ಕೂ ಹಳೆಯದು. ಯೂರೋಪಿನ ಪಿಂಗಾಣಿ ಸಾಮಾನು ಕಂಡುಬಂದಿದ್ದ ಓಕುರಾ ಕಜುಚಿಕಾ ಅವರ ಪ್ರಯೋಗಾಲಯದಲ್ಲಿ 1914ರಲ್ಲಿ ಮೊದಲ ಕಮೋಡು ತಯಾರಾಯಿತು. 1917ರಲ್ಲಿ ಅವರು ಕೊಕುರಾ ನಗರದಲ್ಲಿ ಸ್ಥಾಪಿಸಿದ ಕಂಪನಿಯೇ ಇಂದಿನ ಟೋಟೋ. ಒಳಚರಂಡಿಯೇ ಇಲ್ಲದ ದೇಶದಲ್ಲಿ ಕಮೋಡು ಮಾಡುವುದೆಂದರೆ ರಸ್ತೆಯಿಲ್ಲದ ಊರಿನಲ್ಲಿ ಮೋಟಾರು ಮಾರಿದಂತೆ. ಕೊಳ್ಳುವವರು ಬರಲು ಬಹಳ ಕಾಲ ಹಿಡಿಯಿತು. ಎಲ್ಲರಿಗೂ ಅದು ಬೇಕಾಗಿಯೂ ಇರಲಿಲ್ಲ. ಹಳೆಯ ಮರದ ಶೌಚಾಲಯದ ಮಬ್ಬು ಬೆಳಕನ್ನೂ ಮೌನವನ್ನೂ ಹೊಗಳಿ ಕಾದಂಬರಿಕಾರ ತಾನಿಜಾಕಿ ಜುನ್‌ಇಚಿರೋ 1930ರ ದಶಕದಲ್ಲಿ ಬರೆದ ಪ್ರಬಂಧ ಇಂದಿಗೂ ಪ್ರಸಿದ್ಧ.

ಕಮೋಡು ಸಾಮಾನ್ಯರ ಮನೆ ಹೊಕ್ಕದ್ದು 1950ರ ದಶಕದ ಕೊನೆಯಿಂದ. 1955ರಲ್ಲಿ ಸ್ಥಾಪನೆಯಾದ ವಸತಿ ನಿಗಮ ಸಾವಿರಾರು ಚಿಕ್ಕ ಫ್ಲ್ಯಾಟುಗಳನ್ನು ಕಟ್ಟಿತು. ಒಂದೇ ಪಾತ್ರೆಯಲ್ಲಿ ಎರಡೂ ಕೆಲಸ ಆಗುವುದರಿಂದ ಜಾಗ ಉಳಿಯುತ್ತದೆ ಎಂಬುದೇ ಕಮೋಡಿಗೆ ದೊಡ್ಡ ಶಿಫಾರಸಾಯಿತು. ಆದರೆ ಅದರ ಮೇಲೆ ಕೂರುವುದು ಹೇಗೆಂದು ಜಪಾನೀಯರಿಗೆ ತಿಳಿಯದು. ಪೀಠದ ಮೇಲೆ ಹತ್ತಿ ಕುಕ್ಕರಿಸಬಾರದು ಎಂದು ಚಿತ್ರಸಹಿತ ಚೀಟಿಗಳನ್ನು ಅಂಟಿಸಬೇಕಾಯಿತು. ನಮ್ಮ ರೈಲುಗಳಲ್ಲಿ, ಆಫೀಸುಗಳಲ್ಲಿ ಕಮೋಡಿನ ಅಂಚಿನ ಮೇಲೆ ಮೂಡುವ ಹೆಜ್ಜೆಗುರುತುಗಳನ್ನು ಕಂಡವರಿಗೆ ಆ ಚೀಟಿಯ ಅಗತ್ಯ ಅರ್ಥವಾಗುತ್ತದೆ. 1970ರ ದಶಕದ ಉತ್ತರಾರ್ಧದ ಹೊತ್ತಿಗೆ ಜಪಾನಿನಲ್ಲಿ ಕೂರುವ ಕಮೋಡುಗಳ ಮಾರಾಟ ಕುಕ್ಕರುಗಾಲಿನವುಗಳನ್ನು ಮೀರಿಸಿತ್ತು.

ನೀರಿನ ಪುನರಾಗಮನ

ಮುಂದಿನ ತಿರುವು ಇನ್ನೂ ವಿಚಿತ್ರ. ಅಮೆರಿಕದ ಆರ್ನಾಲ್ಡ್ ಕೋಹೆನ್ ಎಂಬವರು ಕಾಯಿಲೆಯಿಂದ ನರಳುತ್ತಿದ್ದ ತಮ್ಮ ತಂದೆಗಾಗಿ, ಕೂತಲ್ಲೇ ನೀರು ಚಿಮ್ಮಿಸಿ ತೊಳೆದು ಗಾಳಿಯಿಂದ ಒಣಗಿಸುವ ಪೀಠವೊಂದನ್ನು ರೂಪಿಸಿದ್ದರು. ಅಮೆರಿಕನ್ನರು ಅದರ ಮಾತೆತ್ತಲೂ ನಾಚಿದರು. 1964ರಲ್ಲಿ ಟೋಟೋ ಕಂಪನಿ ಅದನ್ನು ಆಸ್ಪತ್ರೆಗಳ ಬಳಕೆಗೆಂದು ಜಪಾನಿಗೆ ತರಿಸಿತು. ನೀರು ಒಮ್ಮೆ ಬಿಸಿ, ಒಮ್ಮೆ ತಣ್ಣಗೆ, ಗುರಿಯೂ ನೆಟ್ಟಗಿಲ್ಲ. ಕಂಪನಿಯ ಎಂಜಿನಿಯರುಗಳು ನೂರಾರು ಸಹೋದ್ಯೋಗಿಗಳನ್ನು ಒಪ್ಪಿಸಿ, ಪೀಠಕ್ಕೆ ತಂತಿ ಕಟ್ಟಿ ಅಳತೆ ತೆಗೆದರು. ನೀರಿನ ಶಾಖ 38 ಡಿಗ್ರಿ, ಚಿಮ್ಮುವ ಕೋನ 43 ಡಿಗ್ರಿ ಎಂದು ನಿಗದಿಯಾಯಿತು. 1980ರಲ್ಲಿ ‘ವಾಶ್‌ಲೆಟ್’ ಮಾರುಕಟ್ಟೆಗೆ ಬಂತು. 1982ರ ಟಿ.ವಿ. ಜಾಹೀರಾತಿನಲ್ಲಿ ಯುವತಿಯೊಬ್ಬಳು ಅಂಗೈಗೆ ಬಣ್ಣ ಬಳಿದುಕೊಂಡು ಕಾಗದದಿಂದ ಒರೆಸಿ ತೋರಿಸುತ್ತಾಳೆ. ಬಣ್ಣ ಹೋಗುವುದಿಲ್ಲ. ಊಟದ ಹೊತ್ತಿನಲ್ಲಿ ಇದೇನೆಂದು ದೂರುಗಳು ಬಂದವು, ಮಾರಾಟವೂ ಏರಿತು. ಇಂದು ಜಪಾನಿನ ಸುಮಾರು ಶೇಕಡಾ 80ರಷ್ಟು ಮನೆಗಳಲ್ಲಿ ಇಂಥ ಪೀಠಗಳಿವೆ. ಬಟನ್ನುಗಳ ಮೇಲಿನ ಚಿಹ್ನೆಗಳು ಕಂಪನಿಗೊಂದು ಬಗೆಯಾಗಿ ವಿದೇಶೀಯರು ತಬ್ಬಿಬ್ಬಾಗುತ್ತಿದ್ದುದರಿಂದ, 2017ರಲ್ಲಿ ತಯಾರಕರೆಲ್ಲ ಸೇರಿ ಎಂಟು ಚಿಹ್ನೆಗಳನ್ನು ಏಕರೂಪಗೊಳಿಸಿದರು.

ಕಾಗದದಿಂದ ಶುಚಿಯಾಗದು, ನೀರೇ ಬೇಕು ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಇಂಗ್ಲೆಂಡಿಗೋ ಅಮೆರಿಕಕ್ಕೋ ಹೋದ ನಮ್ಮವರ ಬಚ್ಚಲಲ್ಲಿ ಕಮೋಡಿನ ಪಕ್ಕ ಒಂದು ಪ್ಲಾಸ್ಟಿಕ್ ಮಗ್ಗು ಇದ್ದೇ ಇರುತ್ತಿತ್ತು. ಅತಿಥಿಗಳು ಬಂದಾಗ ಅದು ಮರೆಯಾಗುತ್ತಿತ್ತು. 2000ದ ಆಚೀಚೆ ಕಂಪ್ಯೂಟರ್ ಕೆಲಸಕ್ಕೆಂದು ಟೋಕಿಯೋಗೆ ಹೋಗಿ ನಿಶಿಕಸಾಯ್ ಸುತ್ತಮುತ್ತ ನೆಲೆಸಿದ ಭಾರತೀಯರಿಗೆ ಆ ಮುಜುಗರ ಅಷ್ಟಾಗಿ ಬರಲಿಲ್ಲ. ಊರಿನಲ್ಲಿ ಹಳೆಯ ಕಾಲದ್ದೆನಿಸಿಕೊಂಡ ಅಭ್ಯಾಸ ಅಲ್ಲಿ ವಿದ್ಯುತ್ ಯಂತ್ರವಾಗಿ, ಬೆಚ್ಚಗಿನ ನೀರಾಗಿ, ಅತ್ಯಾಧುನಿಕವೆಂಬ ಹೆಸರು ಹೊತ್ತು ಕಾದಿತ್ತು.

ಹೊತ್ತವರ ಪ್ರಶ್ನೆ

1898ರಲ್ಲಿ, ಬರ್ಟನ್ ಇನ್ನೂ ಬದುಕಿದ್ದ ದಿನಗಳಲ್ಲಿ, ಮುಂಬಯಿ ಸರಕಾರದ ಎಂಜಿನಿಯರಾಗಿದ್ದ ಎಂ. ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿ ಬಂದರು. ಅಲ್ಲಿನ ಶಿಕ್ಷಣ, ಕೈಗಾರಿಕೆಗಳು ಅವರನ್ನು ಸೆಳೆದವು. ಮುಂದೆ ಅವರೇ ಏಡನ್, ಹೈದರಾಬಾದುಗಳ ಒಳಚರಂಡಿ ಯೋಜನೆಗಳನ್ನು ರೂಪಿಸಿದರು. ಅದೇ 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಆ ಕಾಲದಲ್ಲಿ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳನ್ನು ಬಿಟ್ಟರು. ಹಿಂಬಾಗಿಲಿನಿಂದ ಬಂದು ಮಲ ಹೊತ್ತೊಯ್ಯುವವರ ದಾರಿ ಅದು.

ಎರಡೂ ಕಡೆ ಇದ್ದದ್ದು ಒಣ ಕಕ್ಕಸು, ಎರಡೂ ಕಡೆ ಮನುಷ್ಯರೇ ಹೊರುತ್ತಿದ್ದರು. ಆ ಕೆಲಸ ಜಪಾನಿನಲ್ಲೂ ಗೌರವದ್ದಾಗಿರಲಿಲ್ಲ. ಆದರೆ ಎದೋ ನಗರಕ್ಕೆ ಬರುತ್ತಿದ್ದವನು ಸರಕು ಕೊಳ್ಳಲು ಬಂದ ರೈತ. ಬೆಲೆ ಹೆಚ್ಚೆಂದು ಚೌಕಾಸಿ ಮಾಡಬಲ್ಲವನು, ಬೇಡವೆಂದು ಹೋಗಬಲ್ಲವನು. ಇಲ್ಲಿ ಗಲ್ಲಿಯಲ್ಲಿ ಬರುತ್ತಿದ್ದವರು ಹುಟ್ಟಿನಿಂದಲೇ ಆ ಕೆಲಸಕ್ಕೆ ಕಟ್ಟುಬಿದ್ದವರು, ಅದಕ್ಕಾಗಿಯೇ ಮುಟ್ಟಿಸಿಕೊಳ್ಳದವರು. ದೇವರಾಜ ಅರಸು ಸರಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದ ಆರಂಭದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೇಶಮಟ್ಟದ ಕಾಯಿದೆ ಬಂದದ್ದು 1993ರಲ್ಲಿ, ಇನ್ನಷ್ಟು ಬಿಗಿಯಾದದ್ದು 2013ರಲ್ಲಿ. ಈ ಪದ್ಧತಿಯ ವಿರುದ್ಧ ಹೋರಾಟ ಕಟ್ಟಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಹುಟ್ಟಿದ್ದು ಕೋಲಾರ ಚಿನ್ನದ ಗಣಿಯಲ್ಲಿ, ಅದೇ ಕೆಲಸ ಮಾಡುತ್ತಿದ್ದ ಕುಟುಂಬದಲ್ಲಿ. ಕಾಯಿದೆಗಳ ನಂತರವೂ ನಮ್ಮ ನಗರಗಳ ಮ್ಯಾನ್‌ಹೋಲುಗಳಲ್ಲಿ ಇಳಿದವರು ಸಾಯುವುದು ನಿಂತಿಲ್ಲ.

ಕುಕ್ಕರುಗಾಲೋ ಕಮೋಡೋ, ನೀರೋ ಕಾಗದವೋ ಎಂಬುದು ಅಭ್ಯಾಸದ ಪ್ರಶ್ನೆ. ಒಂದೆರಡು ವಾರದಲ್ಲಿ ದೇಹ ಒಗ್ಗಿಕೊಳ್ಳುತ್ತದೆ. ಕೆಳಗಿನದು ಎಲ್ಲಿಗೆ ಹೋಗುತ್ತದೆ, ಯಾರ ಕೈಯಿಂದ ಹೋಗುತ್ತದೆ ಎಂಬುದು ನಾಗರಿಕತೆಯ ಪ್ರಶ್ನೆ. ಹೊರಗಿನಿಂದ ಬಂದವನ ಕಣ್ಣಿಗೆ ಮೊದಲನೆಯದು ತಕ್ಷಣ ಬೀಳುತ್ತದೆ, ಎರಡನೆಯದು ಬೀಳುವುದಿಲ್ಲ. ಜಪಾನೀಯರಿಗೂ ಅದು ನೆನಪಾದದ್ದು ಕಷ್ಟಕಾಲದಲ್ಲಿ. 1990ರ ದಶಕದ ಮಧ್ಯದ ಹೊತ್ತಿಗೆ ಟೋಕಿಯೋದ ಎಲ್ಲ 23 ವಾರ್ಡುಗಳಿಗೂ ಒಳಚರಂಡಿ ತಲುಪಿತ್ತು. ಆದರೆ 1995ರ ಜನವರಿ 17ರಂದು ಕೋಬೆ ನಗರದಲ್ಲಿ ಭೂಕಂಪವಾಗಿ ನಲ್ಲಿಗಳು ನಿಂತಾಗ, ಆಶ್ರಯ ಕೇಂದ್ರಗಳ ಕಮೋಡುಗಳೆಲ್ಲ ತುಂಬಿ ನಿಂತವು. ಜನ ಶಾಲೆಯ ಮೈದಾನದಲ್ಲಿ ಗುಂಡಿ ತೋಡಿದರು. ಬೇರೆ ಊರುಗಳಿಂದ ಮಲ ಹೀರುವ ಹಳೆಯ ಲಾರಿಗಳು ಬಂದವು. ಅದರಿಂದ ಪಾಠ ಕಲಿತು, ಆಪತ್ತಿನಲ್ಲಿ ಮ್ಯಾನ್‌ಹೋಲಿನ ಮೇಲೆಯೇ ಡೇರೆ ಹಾಕಿ ಬಳಸುವ ಶೌಚಾಲಯಗಳನ್ನು ಅಲ್ಲಿನ ನಗರಗಳು ಸಿದ್ಧಪಡಿಸಿಕೊಂಡಿವೆ. ಅವುಗಳಿಗೆ ಬಟನ್ನುಗಳಿಲ್ಲ.